ಬಿಡಿ ಹಾಳೆಯ ಇಪ್ಪತ್ತೆರಡು ಸಹಿ

ಮೊದಲು ಸಹಿ, ಆಮೇಲೆ ಮಾತು. ಈ ಪದ್ಧತಿ ಹಾಕಿಕೊಟ್ಟವನು ನಾನೇ. ಬೇರೆಯವರ ತಲೆಗೆ ಕಟ್ಟೋಣ ಎಂದು ಎಷ್ಟೋ ಸಲ ಅನ್ನಿಸಿದ್ದುಂಟು, ಆದರೆ ಕಟ್ಟಲಿಕ್ಕೆ ತಲೆ ಸಿಗಬೇಕಲ್ಲ.

ಆಗ ನಾನು ಪಾಲಿಕೆಯಲ್ಲಿ ಕಿರಿಯ ಇಂಜಿನಿಯರ್. ಕದ್ರಿ ಗುಡ್ಡೆಯ ಇಳಿಜಾರು ಮುಗಿದು ಕೊಡಿಯಾಲ್‌ಬೈಲ್ ಕಡೆಗೆ ತಗ್ಗುವ ಜಾಗದ ಒಂದು ವಾರ್ಡು ನನ್ನ ಪಾಲಿಗೆ ಬಂದಿತ್ತು. ರಸ್ತೆ, ಚರಂಡಿ, ಮಳೆನೀರು ಹರಿಯುವ ತೋಡು, ಎಲ್ಲ ನನ್ನ ಜವಾಬ್ದಾರಿ. ಸಾಲದ್ದಕ್ಕೆ ವಾರ್ಡ್ ಸಮಿತಿಯ ಕಾರ್ಯದರ್ಶಿ ಎಂಬ ಇನ್ನೊಂದು ಹೊರೆ. ಆ ಸಮಿತಿ ಇದ್ದದ್ದು ಕಾಗದದಲ್ಲಿ. ಸಭೆ ಕರೆಯಬೇಕಾದ ವಾರ್ಡಿನ ಪಾಲಿಕೆ ಸದಸ್ಯರು ಒಮ್ಮೆಯೂ ಕರೆಯಲಿಲ್ಲ. ಕೊನೆಗೆ ಕೌನ್ಸಿಲಿನ ಅವಧಿಯೇ ಮುಗಿದು, ಚುನಾವಣೆ ಆಗದೆ, ಅವರು ಮಾಜಿ ಸದಸ್ಯರಾದರು. ಮಾಜಿ ಆದದ್ದು ಹೆಸರಿಗೆ ಮಾತ್ರ. ನಮ್ಮ ಕಚೇರಿಯಲ್ಲಿ ಅವರು ಬಂದರೆ ಈಗಲೂ ಫ್ಯಾನಿನ ಕೆಳಗಿನ ಕುರ್ಚಿ ಖಾಲಿಯಾಗುತ್ತಿತ್ತು.

ಸಮಿತಿ ಇಲ್ಲದಿದ್ದರೂ ತಿಂಗಳಿಗೊಂದು ಸಭೆಯ ವರದಿ ಕೊಡಿ ಎಂದು ಮೇಲಿನಿಂದ ಕೇಳುವುದು ನಿಲ್ಲಲಿಲ್ಲ. ಹಾಗಾಗಿ ನಾನು ಒಂದು ಉಪಾಯ ಮಾಡಿದೆ. ತೋಡಿನ ಬದಿಯ ಮನೆಯವರು ಆಗಲೇ ತಿಂಗಳಿಗೊಮ್ಮೆ ಸೇರುತ್ತಿದ್ದರು. ಅವರಿಗೆ ಅಧ್ಯಕ್ಷರಿಲ್ಲ, ನೋಂದಣಿ ಇಲ್ಲ, ಬ್ಯಾನರ್ ಇಲ್ಲ. ಫೋನಿನಲ್ಲಿ ‘ತೋಡು’ ಎಂಬ ಹೆಸರಿನ ಒಂದು ಗುಂಪು, ಮತ್ತು ಕೂರಲಿಕ್ಕೆ ಸಿಸ್ಟರ್ ಮನೆಯ ಸಿಟ್‌ಔಟ್, ಅಷ್ಟೇ. ನಾನು ಅಲ್ಲಿಗೆ ಹೋಗಿ ಕೂತು, ಅದನ್ನೇ ವಾರ್ಡಿನ ನಿವಾಸಿಗಳ ಸಭೆ ಎಂದು ಬರೆಯತೊಡಗಿದೆ. ಅವರಿಗೆ ಅಧಿಕಾರಿಯೊಬ್ಬ ಕೈಗೆ ಸಿಕ್ಕಿದ, ನನಗೆ ಸಭೆ ಸಿಕ್ಕಿತು.

ಸಿಸ್ಟರ್ ಅಂದರೆ ಕನ್ಯಾಸ್ತ್ರೀ ಅಲ್ಲ, ನರ್ಸ್. ವರ್ಷಗಟ್ಟಲೆ ಮಸ್ಕತ್ತಿನ ಆಸ್ಪತ್ರೆಯಲ್ಲಿ ದುಡಿದು, ಊರಿಗೆ ಬಂದ ಮೇಲೆ ಸ್ವಲ್ಪ ಕಾಲ ಫಳ್ನೀರಿನ ಒಂದು ಕ್ಲಿನಿಕ್ಕಿನಲ್ಲಿದ್ದು, ಈಗ ಮನೆಯಲ್ಲೇ ತಮ್ಮನ ಆರೈಕೆ ಮಾಡುತ್ತಿದ್ದರು. ತಮ್ಮ ದುಬೈಯಲ್ಲಿ ಕಟ್ಟಡದ ಅಟ್ಟಳಿಗೆಯಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳಕೊಂಡವರು. ತೋಡು ಎಡಕ್ಕೆ ತಿರುಗುವ ಮೂಲೆಯಲ್ಲೇ ಇವರ ಹಂಚಿನ ಮನೆ. ತಮ್ಮನ ಕೋಣೆ ತೋಡಿನ ಬದಿಗೆ. ಗಾಳಿಕುರ್ಚಿ ದಾಟುವಷ್ಟು ಅಗಲದ ಬಾಗಿಲು ಇದ್ದದ್ದು ಆ ಒಂದು ಕೋಣೆಗೆ ಮಾತ್ರ. ಹಿಂದೊಂದು ಮಳೆಗಾಲದಲ್ಲಿ ನೀರು ಹಿಂಬಾಗಿಲ ಮೆಟ್ಟಿಲಿಗೆ ಮುಟ್ಟಿದ್ದರಿಂದ ಅವರ ಮಂಚದ ನಾಲ್ಕು ಕಾಲುಗಳ ಕೆಳಗೂ ಒಂದೊಂದು ಕೆಂಪುಕಲ್ಲು ಇಟ್ಟಿದ್ದರು.

ಮೊದಲ ಸಭೆಯಲ್ಲಿ ನಾನು ಖಾಲಿ ಹಾಳೆಯೊಂದನ್ನು ಸುತ್ತಲೂ ಕಳುಹಿಸಿದೆ. ಸಿಸ್ಟರ್ ಅದನ್ನು ತಿರುಗಿಸಿ ಹಿಂದೆ ಮುಂದೆ ನೋಡಿದರು.

“ಇದೆಂತ ಸರ್, ಮೇಲೆ ಏನೂ ಬರೆದೇ ಇಲ್ಲ?”

“ಹಾಜರಿ ಸಿಸ್ಟರ್. ನಡಾವಳಿ ನಾನು ಆಫೀಸಲ್ಲಿ ಕೂತು ಚಂದ ಮಾಡಿ ಬರೀತೇನೆ. ಇಲ್ಲಿ ಬರೆದ್ರೆ ಚಿತ್ತು ಕಾಟು ಆಗ್ತದೆ.”

“ಆಸ್ಪತ್ರೆಯಲ್ಲಿ ನಾವು ಖಾಲಿ ಕಾಗದಕ್ಕೆ ಪೇಷೆಂಟಿನ ಸಹಿ ತೆಗೊಂಡ್ರೆ ಕೆಲಸ ಹೋಗ್ತಿತ್ತು, ಗೊತ್ತುಂಟಾ?”

“ಇದು ಆಸ್ಪತ್ರೆ ಅಲ್ಲ ಮಾರಾಯ್ರೆ. ನಾನಿದ್ದೇನಲ್ಲ?”

ಪಕ್ಕದಲ್ಲಿ ಕೂತಿದ್ದವರು ಸಿಟಿ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ಎಲ್ಲರಿಗೂ ಅವರು ಕಂಡಕ್ಟರಣ್ಣ. “ಹಾಕಿ ಬಾಯಮ್ಮ,” ಎಂದರು, ಸಿಸ್ಟರನ್ನು ಅವರು ಕರೆಯುತ್ತಿದ್ದದ್ದು ಹಾಗೆಯೇ. “ಟಿಕೆಟ್ ಮೊದಲು, ಸೀಟು ಮತ್ತೆ. ನಾವು ಬಸ್ಸಲ್ಲಿ ಮಾಡ್ತಾ ಇದ್ದದ್ದು ಅದೇ ಅಲ್ವಾ.”

ಎಲ್ಲರೂ ನಕ್ಕರು. ಸಿಸ್ಟರ್ ನಗಲಿಲ್ಲ, ಆದರೆ ಸಹಿ ಹಾಕಿದರು. ನನ್ನ ಮುಖ ನೋಡಿ ಹಾಕಿದರು.

ನಾನು ಹಾಗೆ ಮಾಡಲು ಕಾರಣ ಇತ್ತು. ಐದೂವರೆಗೆ ಕೂತರೆ ಆರೂಕಾಲಿಗೆ ಅರ್ಧ ಜನ ಎದ್ದಾಯಿತು. ಒಬ್ಬರಿಗೆ ಮನೆಯಲ್ಲಿ ತೇರ್ಸಿನ ಪ್ರಾರ್ಥನೆ, ಒಬ್ಬರಿಗೆ ಮಠದಲ್ಲಿ ಭಜನೆ, ಇನ್ನೊಬ್ಬರಿಗೆ ಅಂಗಡಿಯಲ್ಲಿ ವ್ಯಾಪಾರದ ಹೊತ್ತು. ಮಾತು ಮುಗಿಯುವವರೆಗೆ ಕಾದರೆ ಹಾಳೆಯಲ್ಲಿ ಐದು ಸಹಿಯೂ ಇರುವುದಿಲ್ಲ. ಇದು ಸೌಕರ್ಯದ ಮಾತು, ಮೋಸದ್ದಲ್ಲ. ಆದರೆ ಹಾಳಾಗುವ ಕೆಲಸಗಳೆಲ್ಲ ಸೌಕರ್ಯದಿಂದಲೇ ಶುರುವಾಗುತ್ತವೆ ಎಂದು ಈಗ ನನಗೆ ಖಾತ್ರಿಯಾಗಿದೆ.

ಆ ವರ್ಷ ಫೆಬ್ರವರಿಯಲ್ಲಿ ತೋಡಿಗೆ ಚಪ್ಪಡಿ ಹಾಸುತ್ತಾರಂತೆ ಎಂಬ ಸುದ್ದಿ ಬಂತು. ತೋಡಿನ ಆಚೆ ದಡದಲ್ಲಿ ದೊಡ್ಡ ಕಟ್ಟಡವೊಂದು ಏಳುತ್ತಿತ್ತು. ಅದರ ಮುಂಬಾಗಿಲು ಕೊಡಿಯಾಲ್‌ಬೈಲಿನ ಗಿಜಿಗುಡುವ ರಸ್ತೆಗೆ. ಅಲ್ಲಿ ವಾಹನ ತಿರುಗಿಸಲು ಜಾಗ ಇಲ್ಲ. ಹಿಂದಿನಿಂದ ನಮ್ಮ ಓಣಿಯ ಮೂಲಕ ಬರಬೇಕಾದರೆ ತೋಡು ದಾಟಬೇಕು. ತೋಡು ಸಾರ್ವಜನಿಕ ಆಸ್ತಿಯಾದ್ದರಿಂದ ಕಟ್ಟಡದವರು ನೇರವಾಗಿ ಕೇಳುವ ಹಾಗಿಲ್ಲ. ಅದಕ್ಕೆ ಅರ್ಜಿ ಮಾಜಿ ಸದಸ್ಯರ ಮೂಲಕ ಬೇರೆ ರೂಪದಲ್ಲಿ ಬಂತು: ಸ್ಥಳೀಯ ನಿವಾಸಿಗಳ ಸುಗಮ ಸಂಚಾರಕ್ಕಾಗಿ ತೋಡಿನ ಮೇಲೆ ಹದಿನಾಲ್ಕು ಮೀಟರ್ ಉದ್ದಕ್ಕೆ ಕಾಂಕ್ರೀಟ್ ಚಪ್ಪಡಿ. ನಿವಾಸಿಗಳೇ ಕೇಳಿದ ಕೆಲಸವಾದ್ದರಿಂದ ನಿವಾಸಿಗಳ ಒಪ್ಪಿಗೆ ಕಡತದಲ್ಲಿ ಇರಬೇಕು.

ಆ ತಿಂಗಳ ಸಭೆಗೆ ಇಪ್ಪತ್ತೆರಡು ಜನ ಬಂದರು. ಸಿಟ್‌ಔಟ್ ಸಾಲದೆ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಪದ್ಧತಿಯಂತೆ ಮೊದಲು ಖಾಲಿ ಹಾಳೆ ಸುತ್ತು ಬಂತು. ಆಮೇಲೆ ಸಿಸ್ಟರ್ ಒಳಗಿನಿಂದ ತಮ್ಮ ಚಾರ್ಟ್ ತಂದರು. ರೋಗಿಯ ದೇಹಕ್ಕೆ ಎಷ್ಟು ನೀರು ಹೋಯಿತು, ಎಷ್ಟು ಹೊರಬಂತು ಎಂದು ನರ್ಸುಗಳು ಬರೆದಿಡುವ ಹಾಗೆಯೇ ಅವರು ನಾಲ್ಕು ಮಳೆಗಾಲದಿಂದ ತೋಡಿಗೆ ಚಾರ್ಟ್ ಬರೆದಿದ್ದರು. ದಿನ, ಗಂಟೆ, ಮಳೆಯ ಜೋರು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ನೀರು ಎಷ್ಟು ಇಂಚು ಬಂತು, ಇಳಿಯಲು ಎಷ್ಟು ಹೊತ್ತು ಹಿಡಿಯಿತು. ಕಲ್ಲಿನ ಮೇಲೆ ಬಿಳಿ ಪೇಂಟಿನ ಗೀಟುಗಳೂ ಇದ್ದವು.

“ತೋಡಿಗೂ ಇಂಟೇಕ್, ಔಟ್‌ಪುಟ್ ಉಂಟು ಸರ್,” ಎಂದರು. “ಬರುವ ನೀರು ಪ್ರತಿ ವರ್ಷ ಹೆಚ್ಚಾಗ್ತಾ ಉಂಟು, ಮೇಲೆ ಎಲ್ಲ ಕಾಂಕ್ರೀಟ್ ಆಗಿದೆ. ಹೋಗುವ ದಾರಿ ಅಷ್ಟೇ ಉಂಟು. ಅದನ್ನೂ ಕಟ್ಟಿದ್ರೆ ಪೇಷೆಂಟ್ ಎಂತ ಆಗ್ತಾನೆ?”

ನಕ್ಷೆ ನನ್ನ ಕೈಯಲ್ಲಿತ್ತು. ಅವರು ಹೇಳಿದ್ದು ಸರಿ. ತೋಡಿನ ಅಗಲ ಅಲ್ಲಿ ಸುಮಾರು ಹತ್ತು ಅಡಿ. ಭಾರದ ವಾಹನ ಹೋಗಬೇಕೆಂದು ಚಪ್ಪಡಿಗೆ ಆಧಾರವಾಗಿ ನಡುವೆ ಎರಡು ಗೋಡೆ ಎಬ್ಬಿಸುವ ಯೋಜನೆ. ಗೋಡೆಗಳು ತಿನ್ನುವುದು ಎರಡೇ ಅಡಿ, ಕಾಗದದಲ್ಲಿ. ಆದರೆ ಕದ್ರಿಯಿಂದ ಇಳಿಯುವ ನೀರು ಬರೀ ನೀರಲ್ಲ. ತೆಂಗಿನ ಮಡಲು, ಥರ್ಮಾಕೋಲು, ಹಾಸಿಗೆ ಕೂಡ ತರುತ್ತದೆ. ಒಂದು ಮಡಲು ಅಡ್ಡ ಸಿಕ್ಕಿಬಿದ್ದರೆ ಉಳಿದದ್ದೆಲ್ಲ ಅದಕ್ಕೆ ತಗಲಿಕೊಳ್ಳುತ್ತದೆ. ಮೇಲೆ ಚಪ್ಪಡಿ ಇದ್ದರೆ ಜೆಸಿಬಿಯ ಕೈ ಇಳಿಯುವುದಿಲ್ಲ, ಹೂಳೂ ಎತ್ತಲಾಗದು. ಅದೂ ತಿರುವಿನಲ್ಲಿ. ತಿರುವಿನ ಹೊರಬದಿಯಲ್ಲಿ ಸಿಸ್ಟರ ತಮ್ಮನ ಕೋಣೆ.

ಚಪ್ಪಡಿ ಬೇಡ ಎಂದು ಇಪ್ಪತ್ತೆರಡು ಜನರೂ ಹೇಳಿದರು. ಹಾಗೆಂದು ನಡಾವಳಿ ಬರೆಯುತ್ತೇನೆ ಎಂದು ನಾನು ಮಾತು ಕೊಟ್ಟು ಬಂದೆ.

ಬರೆಯಲಿಲ್ಲ. ಮಳೆಗಾಲಕ್ಕೆ ಮುಂಚಿನ ಕೆಲಸಗಳ ಅಂದಾಜು ಪಟ್ಟಿ ಮೇಜಿನ ಮೇಲೆ ರಾಶಿ ಬಿದ್ದಿತ್ತು. ನಾಳೆ ಬರೆದರಾಯಿತು ಎಂದು ಹಾಳೆಯನ್ನು ಡ್ರಾಯರಿಗೆ ಹಾಕಿದೆ. ನಾಲ್ಕನೇ ದಿನ ನನ್ನ ಮೇಲಧಿಕಾರಿ, ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರ್ ಸಾಹೇಬರು, ನನ್ನ ಮೇಜಿನ ಹತ್ತಿರವೇ ಬಂದರು.

“ಆ ತೋಡಿನವರ ಮೀಟಿಂಗ್ ಆಯ್ತಂತಲ್ಲ? ಹಾಜರಿ ಎಲ್ಲುಂಟು?”

“ಇಲ್ಲುಂಟು ಸರ್. ನಡಾವಳಿ ಇನ್ನು ಬರೀಬೇಕಷ್ಟೆ.”

“ಅದು ಮತ್ತೆ ನೋಡುವ. ಮೀಟಿಂಗ್ ಆದದ್ದಕ್ಕೆ ಮೇಲೆ ದಾಖಲೆ ಬೇಕಂತೆ. ಹಾಳೆ ಕೊಡು.”

ಕೊಟ್ಟೆ. ಜೆರಾಕ್ಸ್ ಸಹ ಮಾಡಿಟ್ಟುಕೊಳ್ಳಲಿಲ್ಲ. ಅಷ್ಟು ಹಗುರವಾಗಿ ಕೊಟ್ಟುಬಿಟ್ಟೆ, ಯಾರೋ ಪೆನ್ನು ಕೇಳಿದರೆ ಕೊಡುವ ಹಾಗೆ.

ಮುಂದಿನ ವಾರ ಸಾಹೇಬರ ಕೋಣೆಗೆ ಕರೆ ಬಂತು. ಒಳಗೆ ಮಾಜಿ ಸದಸ್ಯರು ಕೂತಿದ್ದರು. ನನಗೂ ಚಹಾ ತರಿಸಿದರು. ಮೇಜಿನ ಮೇಲೆ ಕಡತ ತೆರೆದಿತ್ತು. ಅದರಲ್ಲಿ ನನ್ನ ಹಾಳೆ. ಮೊದಲು ಗುರುತು ಹತ್ತಲಿಲ್ಲ, ಏಕೆಂದರೆ ನಾನು ಸಹಿಗಳ ಮೇಲೆ ಚೊಕ್ಕವಾಗಿ ಬಿಟ್ಟಿದ್ದ ಅರ್ಧ ಪುಟದಲ್ಲಿ ಈಗ ಟೈಪು ಮಾಡಿದ ಸಾಲುಗಳಿದ್ದವು. ಈ ಕೆಳಗೆ ಸಹಿ ಮಾಡಿದ ನಿವಾಸಿಗಳಾದ ನಾವು ತೋಡಿಗೆ ಚಪ್ಪಡಿ ಅಳವಡಿಸಲು ಸರ್ವಾನುಮತದಿಂದ ಒಪ್ಪಿರುತ್ತೇವೆ. ಸಹಿಗಳ ಕೆಳಗೆ ಇನ್ನೊಂದು ಸಾಲು. ಮೇಲ್ಕಂಡ ಸಹಿಗಳನ್ನು ನನ್ನ ಸಮಕ್ಷಮ ಮಾಡಿರುತ್ತಾರೆ. ಅದರ ಕೆಳಗೆ ನನ್ನ ಹುದ್ದೆ, ಸಹಿಗೆ ಖಾಲಿ ಜಾಗ.

“ಸರ್, ಅವರು ಒಪ್ಪಿದ್ದಲ್ಲ,” ಎಂದೆ.

ಸಾಹೇಬರು ಕಿಟಕಿಯ ಕಡೆ ನೋಡಿದರು. ಮಾಜಿ ಸದಸ್ಯರು ಬೇಸರಿಸದೆ, ಮಗುವಿಗೆ ಹೇಳುವ ಹಾಗೆ ಹೇಳಿದರು. “ನೀವು ಒಪ್ಪಿದ್ದಾರೆ ಅಂತ ಬರೀಬೇಡಿ ಇಂಜಿನಿಯರ್ರೆ. ಅದು ಅವರು ಬರೆದದ್ದು. ನಿಮ್ಮ ಎದುರು ಸಹಿ ಹಾಕಿದ್ದು ಹೌದಾ, ಅಲ್ವಾ?”

“ಹಾಕಿದ್ದು ಹೌದು.”

“ಮತ್ತೆ ಇದರಲ್ಲಿ ಸುಳ್ಳು ಎಂತ ಉಂಟು?” ಚಹಾದ ಕಪ್ಪನ್ನು ನನ್ನ ಹತ್ತಿರಕ್ಕೆ ಸರಿಸಿ, “ನಿಮ್ಮ ಮಿಸೆಸ್ ಇಲ್ಲಿಯೇ ಸರ್ಕಾರಿ ಶಾಲೆಯಲ್ಲಿ ಟೀಚರ್ ಅಲ್ವಾ? ಗಂಡ ಹೆಂಡತಿ ಒಂದೇ ಊರಲ್ಲಿ ಇದ್ರೆ ಒಳ್ಳೇದು. ಮಕ್ಕಳಿಗೂ ಒಳ್ಳೇದು,” ಎಂದರು.

ನಾನು ಸಹಿ ಹಾಕಿದೆ. ತಾರೀಖನ್ನೂ ಬರೆದೆ. ಚಹಾವನ್ನೂ ಕುಡಿದೆ. ಕೊಡಲಿ ಕಾವು ಕುಲಕ್ಕೆ ಮೃತ್ಯು ಅನ್ನುತ್ತಾರೆ. ಕೊಡಲಿ ಯಾರದ್ದೋ ಇರಬಹುದು, ಕಾವು ನಾನು. ಹೊರಗೆ ಬಂದ ಮೇಲೆ ನನಗೆ ನಾನೇ ಏನೇನೋ ಸಮಾಧಾನ ಹೇಳಿಕೊಂಡೆ. ಕಡತ ಇನ್ನೂ ಮೇಲೆ ಹೋಗಬೇಕು, ಯಾರಾದರೂ ತಡೆದಾರು, ಮಳೆ ಬೇಗ ಬಂದರೆ ಕೆಲಸ ನಿಂತೀತು. ತಾನು ಮಾಡಬೇಕಾದ್ದನ್ನು ಮಳೆ ಮಾಡಲಿ ಎಂದು ಕಾಯುವ ಇಂಜಿನಿಯರನನ್ನು ಏನೆನ್ನಬೇಕು?

ಹತ್ತು ದಿನ ಕಳೆದು ಸಿಸ್ಟರ್ ಕಚೇರಿಗೆ ಬಂದರು. ಚಪ್ಪಡಿ ಬೇಡವೆಂಬ ಆಕ್ಷೇಪಣೆ ಪತ್ರ, ಅದರ ಜೊತೆ ನಾಲ್ಕು ವರ್ಷದ ಚಾರ್ಟಿನ ಪ್ರತಿ. ಕೌಂಟರಿನಲ್ಲಿದ್ದ ಗುಮಾಸ್ತೆ ಒಳ್ಳೆಯ ಹೆಂಗಸು, ಅವಳಿಗೆ ಏನೂ ಗೊತ್ತಿರಲಿಲ್ಲ. ಕಡತ ತೆರೆದು, “ನೀವು ಒಪ್ಪಿಗೆ ಕೊಟ್ಟಾಗಿದೆಯಲ್ಲ ಮೇಡಂ?” ಎಂದಳು. ನಾನು ಎರಡು ಮೇಜು ಆಚೆ ಇದ್ದೆ. ತಲೆ ತಗ್ಗಿಸಿ ಯಾವುದೋ ಲೆಕ್ಕಾಚಾರ ನೋಡುವವನಂತೆ ಕೂತೆ.

“ಸರ್,” ಎಂದು ಸಿಸ್ಟರ್ ಕರೆದರು. ಹೋದೆ. ಅವರು ಕನ್ನಡಕ ಹಾಕಿಕೊಂಡು ಬೆರಳಿಟ್ಟು ತೋರಿಸಿದರು.

“ಇದು ನನ್ನ ಸಹಿ ಅಲ್ವಾ?”

“ಹೌದು.”

“ಇದು ನಿಮ್ಮದು?”

“ಹೌದು.”

ಬಯ್ಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು ಚಾರ್ಟನ್ನು ಮಡಚಿ ಚೀಲಕ್ಕೆ ಹಾಕಿದರು, ಕನ್ನಡಕವನ್ನು ಪೆಟ್ಟಿಗೆಗೆ ಹಾಕಿ ಟಪ್ ಎಂದು ಮುಚ್ಚಿದರು. “ತಮ್ಮನಿಗೆ ಮಧ್ಯಾಹ್ನದ ಮದ್ದಿನ ಹೊತ್ತಾಯ್ತು,” ಎಂದು ಹೇಳಿ ಹೊರಟರು. ಆಕ್ಷೇಪಣೆ ಪತ್ರವನ್ನೂ ಕೊಡದೆ ವಾಪಸ್ಸು ಒಯ್ದರು.

ಅಂದೇ ಮಧ್ಯಾಹ್ನದ ಮೇಲೆ ಟೇಪು ಹಿಡಿದು ತೋಡಿಗೆ ಹೋದೆ. ಅಳತೆ ನನ್ನ ಬಳಿ ಇತ್ತು, ಇನ್ನೊಮ್ಮೆ ತೆಗೆಯುವ ಅಗತ್ಯವೇನೂ ಇರಲಿಲ್ಲ. ಸುಮ್ಮನೆ ಕೂರಲು ಆಗದವನು ಏನಾದರೊಂದು ಮಾಡಬೇಕಲ್ಲ. ಓಣಿಯ ಬದಿಯಲ್ಲಿ ಕಬ್ಬಿಣದ ಸರಳು, ಜಲ್ಲಿ ಆಗಲೇ ಬಂದು ಬಿದ್ದಿತ್ತು. ಕಂಡಕ್ಟರಣ್ಣ ಮನೆಯ ಗೇಟಿನಲ್ಲಿ ನಿಂತಿದ್ದರು.

“ಎಂತ ಸಾರ್, ಅಳತೆಯಾ?” ಎಂದರು. “ನಮ್ಮ ಅಳತೆ ತೆಗ್ದಾಯ್ತಲ್ಲ.”

ಮನೆಗೆ ಹೋಗಿ ಹೆಂಡತಿಗೆ ಎಲ್ಲ ಹೇಳಿದೆ, ಮಾಜಿ ಸದಸ್ಯರು ಅವಳ ಶಾಲೆಯ ಮಾತು ತೆಗೆದದ್ದನ್ನೂ. ಅವಳು ಅಕ್ಕಿ ತೊಳೆಯುವುದನ್ನು ನಿಲ್ಲಿಸಿ, “ಮತ್ತೆ ನನ್ನ ಹೆಸರಲ್ಲಿ ಸಹಿ ಹಾಕಿದ್ದಾ ನೀವು?” ಎಂದು ಕೇಳಿದಳು. ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಕಚೇರಿಗೆ ಹೋದೆ.

ಒಂದು ಕಡತವನ್ನು ಹೇಗೆ ಮುಳುಗಿಸುತ್ತಾರೆ ಎಂದು ಗೊತ್ತಿದ್ದವನಿಗೆ ಅದನ್ನು ಹೇಗೆ ತೇಲಿಸಬೇಕೆಂದೂ ಸ್ವಲ್ಪ ಗೊತ್ತಿರುತ್ತದೆ. ಕಡತದ ಟಿಪ್ಪಣಿ ಹಾಳೆಯಲ್ಲಿ ಬರೆದರೆ ಆ ಹಾಳೆ ಬದಲಾಗಬಹುದು. ಅದಕ್ಕೆ ನಾನು ಬೇರೆ ಪತ್ರವಾಗಿಯೇ ಬರೆದೆ. ಸದರಿ ಹಾಳೆಯಲ್ಲಿರುವ ಇಪ್ಪತ್ತೆರಡು ಸಹಿಗಳು ಸಭೆಯ ಹಾಜರಿಗಾಗಿ ಖಾಲಿ ಹಾಳೆಯ ಮೇಲೆ ಪಡೆದವು, ಒಪ್ಪಿಗೆಗಲ್ಲ. ಸಭೆಯಲ್ಲಿ ಹಾಜರಿದ್ದವರೆಲ್ಲರೂ ಚಪ್ಪಡಿಯನ್ನು ವಿರೋಧಿಸಿದ್ದಾರೆ. ಖಾಲಿ ಹಾಳೆಯಲ್ಲಿ ಸಹಿ ಪಡೆದದ್ದು ನನ್ನ ತಪ್ಪು. ಒತ್ತಡಕ್ಕೆ ಮಣಿದು ದೃಢೀಕರಿಸಿದ್ದೂ ನನ್ನ ತಪ್ಪು. ನನ್ನ ದೃಢೀಕರಣವನ್ನು ಹಿಂಪಡೆಯುತ್ತಿದ್ದೇನೆ. ಜೊತೆಗೆ ನೀರಿನ ಹರಿವಿನ ಲೆಕ್ಕ, ತಿರುವಿನ ನಕ್ಷೆ. ಅದನ್ನು ಟಪಾಲು ವಿಭಾಗಕ್ಕೆ ಕೊಟ್ಟು, ಸ್ವೀಕೃತಿ ಸಂಖ್ಯೆ ಹಾಕಿಸಿ, ಮೊಹರು ಬಿದ್ದ ಪ್ರತಿ ಇಟ್ಟುಕೊಂಡೆ. ಇನ್ನೊಂದು ಪ್ರತಿ ನೋಂದಾಯಿತ ಅಂಚೆಯಲ್ಲಿ ಆಯುಕ್ತರಿಗೆ. ಧೈರ್ಯ ಎಂದು ಯಾರೂ ಇದನ್ನು ಕರೆಯಬೇಡಿ. ಕೆಟ್ಟ ಮೇಲೆ ಬಂದ ಬುದ್ಧಿ, ಅಷ್ಟೇ.

ಸಾಯಂಕಾಲ ಸಾಹೇಬರು ಕರೆದರು. ಕಿರುಚಲಿಲ್ಲ.

“ಯಾರ ಮೇಲೆ ಬರ್ದಿದ್ದಿ ಗೊತ್ತುಂಟಾ ನಿನಗೆ? ನಿನ್ನ ಮೇಲೆಯೇ ಬರ್ದದ್ದು ಮಾರಾಯ.”

“ಗೊತ್ತುಂಟು ಸರ್.”

“ನನಗೆ ರಿಟೈರ್ಡ್ ಆಗ್ಲಿಕ್ಕೆ ಎರಡು ವರ್ಷ ಉಂಟು. ನನ್ನನ್ನು ಇದಕ್ಕೆ ಎಳೀಬೇಡ.” ನನ್ನ ಪತ್ರದ ಅಂಚಿನಲ್ಲಿ ಒಂದೇ ಪದ ಬರೆದರು: ಚರ್ಚಿಸಿ.

ನಮ್ಮ ಕಚೇರಿಯಲ್ಲಿ ಆ ಪದಕ್ಕೆ ಏನು ಅರ್ಥವೆಂದರೆ, ಯಾರೂ ಚರ್ಚಿಸುವುದಿಲ್ಲ. ಪತ್ರ ಸುಳ್ಳೆಂದು ಹೇಳಿದ ಹಾಗಾಗಲಿಲ್ಲ, ನಿಜವೆಂದು ಒಪ್ಪಿದ ಹಾಗೂ ಆಗಲಿಲ್ಲ. ಆಯುಕ್ತರಿಗೆ ಕಳುಹಿಸಿದ ಪ್ರತಿಗೂ ಉತ್ತರ ಬರಲಿಲ್ಲ. ಚರ್ಚೆ ಬಾಕಿ ಇರುವಾಗಲೇ ಕಾಂಕ್ರೀಟು ಬಿತ್ತು. ಎರಡು ಗೋಡೆ, ಅದರ ಮೇಲೆ ಚಪ್ಪಡಿ, ಮೇ ತಿಂಗಳ ಕೊನೆಗೆ ಕೆಲಸ ಮುಗಿಯಿತು. ಅಷ್ಟರಲ್ಲಿ ನಾನು ನಗರದ ಉತ್ತರದ ತುದಿಯ ವಲಯ ಕಚೇರಿಯಲ್ಲಿ ಕಸ ಸಾಗಿಸುವ ಲಾರಿಗಳ ಮೇಲ್ವಿಚಾರಣೆಗೆ ಕೂತಾಗಿತ್ತು. ಹೆಂಡತಿಯ ಶಾಲೆಗೆ ಏನೂ ಆಗಲಿಲ್ಲ. ಬಹುಶಃ ಆಗ ಬರೀ ಹೆದರಿಸಲಿಕ್ಕೆ ಹೇಳಿದ್ದಿರಬೇಕು. ಅದು ಗೊತ್ತಾದಾಗ ನನಗೆ ಇನ್ನಷ್ಟು ನಾಚಿಕೆಯಾಯಿತು.

ಜೂನಿನ ಒಂದು ಶನಿವಾರ ಬೆಳಿಗ್ಗೆ ಕಂಡಕ್ಟರಣ್ಣನ ಫೋನು. “ಸಾರ್, ಬಾಯಮ್ಮನ ಮನೆ ಒಳಗೆ ನೀರು ಬಂತು. ನೀವೀಗ ನಮ್ಮ ವಾರ್ಡಲ್ಲಿ ಇಲ್ಲ ಅಂತ ಗೊತ್ತುಂಟು. ಆದ್ರೂ ಹೇಳಿದೆ.”

ನಾನು ಹೋಗುವಾಗ ಓಣಿಯಲ್ಲಿ ಮೊಣಕಾಲು ನೀರು. ಮೊದಲ ಗೋಡೆಗೆ ಎರಡು ಮಡಲು ಅಡ್ಡ ಬಿದ್ದು, ಅದಕ್ಕೆ ಥರ್ಮಾಕೋಲು, ಬಾಟಲಿ, ಹರಿದ ಟಾರ್ಪಾಲು ಎಲ್ಲ ಸಿಕ್ಕಿ ಬಾಯಿ ಕಟ್ಟಿತ್ತು. ನಾಲ್ಕು ಜನ ಬಿದಿರಿನ ಗಳ ಹಿಡಿದು ಚುಚ್ಚುತ್ತಿದ್ದರು. ಚಪ್ಪಡಿಯ ಕೆಳಗೆ ಗಳ ಎರಡು ಮಾರಿಗಿಂತ ಒಳಗೆ ಹೋಗುತ್ತಿರಲಿಲ್ಲ. ಚಪ್ಪಡಿಯ ಮೇಲೆ ಮಾತ್ರ ಒಂದು ಹನಿ ನೀರು ನಿಂತಿರಲಿಲ್ಲ. ಚಂದದ ಕೆಲಸ.

ತಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಕಂಡಕ್ಟರಣ್ಣ ಮತ್ತು ಇನ್ನಿಬ್ಬರು ಎತ್ತಿಕೊಂಡು ಮುಂದಿನ ಕೋಣೆಯ ಬಾಗಿಲಿನವರೆಗೆ ತಂದಿದ್ದರು. ಆ ಬಾಗಿಲಿನಲ್ಲಿ ಕುರ್ಚಿ ಹಿಡಿಸಲಿಲ್ಲ. ಅವರನ್ನು ತೋಳಿನಲ್ಲಿ ಎತ್ತಿ ದಾಟಿಸಿದೆವು. ಇಷ್ಟು ಹಗುರ ಎಂದು ನಾನು ಅಂದುಕೊಂಡಿರಲಿಲ್ಲ. ನನ್ನ ಕಿವಿಯ ಹತ್ತಿರ ಅವರು ಹೇಳಿದರು, “ಸಮುದ್ರ ನೋಡದೆ ಎಷ್ಟು ವರ್ಷ ಆಯ್ತು ಸರ್. ಈಗ ಅದೇ ಬಂತು. ಹೋಗುವ ಕೆಲಸ ಉಳೀತು.”

ಯಾರೂ ನಗಲಿಲ್ಲ. ಸಿಸ್ಟರ್ ಒದ್ದೆ ಹಾಸಿಗೆಯ ಮೇಲಿನ ಮದ್ದಿನ ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡು ನಿಂತಿದ್ದರು. ಮಲಗಿ ಮಲಗಿ ತಮ್ಮನ ಬೆನ್ನಿಗೆ ಆಗಿದ್ದ ಹುಣ್ಣಿಗೆ ಕೊಳೆನೀರು ತಾಗಿದೆ, ಇನ್ನು ಜ್ವರ ಬರುತ್ತದೆ ಎಂದು ಅವರಿಗೆ ಆಗಲೇ ಗೊತ್ತಿತ್ತು. ಬಂತು ಕೂಡ. ಎಂಟು ದಿನ ಆಸ್ಪತ್ರೆಯಲ್ಲಿಟ್ಟು ತಂದರು. ಆ ಎಂಟು ದಿನವೂ ಮಳೆ ಬಂದಾಗಲೆಲ್ಲ ಕಂಡಕ್ಟರಣ್ಣ ಅವರ ಮನೆಗೆ ಹೋಗಿ ಒಗೆಯುವ ಕಲ್ಲಿನ ಗೀಟು ನೋಡಿ ಚಾರ್ಟಿನಲ್ಲಿ ಬರೆದಿಟ್ಟರಂತೆ.

ಜುಲೈಯಲ್ಲಿ ಸಿಸ್ಟರ್ ಒಬ್ಬ ವಕೀಲೆಯನ್ನು ಕಂಡರು. ಆಕೆ, ನಾನು ಸಿಸ್ಟರ ಕೈಗೆ ಕೊಟ್ಟಿದ್ದ ನನ್ನ ಪತ್ರದ ಮೊಹರು ಬಿದ್ದ ಪ್ರತಿಯನ್ನು ನೋಡಿ, ಇದು ಗಟ್ಟಿ ಇದೆ, ಆದರೆ ಒಬ್ಬನದ್ದೇ ಮಾತಾಯಿತು, ಸಹಿ ಹಾಕಿದವರಲ್ಲಿ ಅರ್ಧದಷ್ಟಾದರೂ ಜನ ತಾವು ಖಾಲಿ ಹಾಳೆಗೆ ಸಹಿ ಹಾಕಿದ್ದೆಂದು ಪ್ರಮಾಣಪತ್ರ ಕೊಟ್ಟರೆ ಚಪ್ಪಡಿ ತೆಗೆಸಬಹುದು ಎಂದರು. ಹನ್ನೊಂದು ಜನ. ಹನ್ನೊಂದು ಏನು ದೊಡ್ಡದು ಎಂದುಕೊಂಡು ಎರಡು ಭಾನುವಾರ ನಾನೂ ಸಿಸ್ಟರೂ ಮನೆಮನೆಗೆ ಹೋದೆವು.

ಎಲ್ಲರೂ ಒಳಗೆ ಕರೆದರು, ಕಾಫಿ ಕೊಟ್ಟರು. ತಮ್ಮನ ಆರೋಗ್ಯ ಕೇಳಿದರು. ಕಾಗದ ಹೊರತೆಗೆದ ಕೂಡಲೇ ಮುಖ ಬದಲಾಯಿತು. ಮೆಡಿಕಲ್ ಶಾಪಿನವರು, “ಕೇಸಿಗೆ ಬೇಕಾದ್ರೆ ಬೇರೆ ಏನಾದ್ರೂ ಹೇಳಿ, ಸಹಿ ಮಾತ್ರ ಬೇಡ,” ಎಂದು ಕೈ ಮುಗಿದರು. ಮೊದಲು ಒಪ್ಪಿ ಈಗ ಇಲ್ಲ ಅಂದರೆ ಸುಳ್ಳು ಹೇಳಿದ್ದಕ್ಕೆ ನಿಮ್ಮ ಮೇಲೆಯೇ ಕೇಸಾಗುತ್ತದೆ ಎಂದು ಯಾರೋ ನಮಗಿಂತ ಮೊದಲೇ ಬಂದು ಹೇಳಿ ಹೋಗಿದ್ದರು. ಆದರೆ ನಿಜವಾದ ಕಾರಣ ಆ ಹೆದರಿಕೆ ಅಲ್ಲ. ಒಬ್ಬ ಮುದುಕಿ ನೇರವಾಗಿಯೇ ಹೇಳಿದರು. “ಆವತ್ತು ಕೂಡ ನೀವೇ ಅಲ್ವಾ ಕಾಗದ ತಂದದ್ದು?”

ಫೋನಿನ ‘ತೋಡು’ ಗುಂಪಿನಿಂದ ಒಬ್ಬೊಬ್ಬರಾಗಿ ಹೊರಬಿದ್ದರು. ಕೊನೆಗೆ ಕಂಡಕ್ಟರಣ್ಣನ ಮನೆಗೆ ಹೋದೆವು. ಅವರು ಹಾಕುತ್ತಾರೆ ಎಂದು ನನಗೆ ಅನುಮಾನವೇ ಇರಲಿಲ್ಲ.

“ಸಾರ್, ಪಂಪ್ ಬೇಕಾ, ಜನ ಬೇಕಾ, ಎಷ್ಟು ಹೊತ್ತಿಗೆ ಕರೆದ್ರೂ ಬರ್ತೇನೆ,” ಎಂದರು. “ಸಹಿ ಕೇಳ್ಬೇಡಿ. ಆವತ್ತು ಬಾಯಮ್ಮ ಬೇಡ ಅಂತ ಹೇಳಿದ್ರು. ಹಾಕಿ ಅಂತ ತಮಾಷೆ ಮಾಡಿದ್ದು ಯಾರು? ನಾನಲ್ವಾ? ಇನ್ನು ಈ ಕೈಯಲ್ಲಿ ಆಗುದಿಲ್ಲ.” ಕಣ್ಣಲ್ಲಿ ನೀರಿತ್ತು. ಸಿಸ್ಟರ್ ಅವರ ಕೈ ಹಿಡಿದು, “ಇರ್ಲಿ ಅಣ್ಣ, ಇರ್ಲಿ,” ಎಂದರು.

ಮುಚ್ಚಿಹೋದದ್ದು ತೋಡು ಮಾತ್ರ ಅಲ್ಲ. ಆ ಇಪ್ಪತ್ತೆರಡು ಜನ ಒಟ್ಟಿಗೆ ಕೂತು ಮಾತಾಡುತ್ತಿದ್ದದ್ದೂ ಮುಗಿಯಿತು. ಅದನ್ನು ಮುಗಿಸಿದ್ದು ಮಾಜಿ ಸದಸ್ಯರೂ ಅಲ್ಲ, ನನ್ನ ಹಾಳೆ.

ಹನ್ನೊಂದರಲ್ಲಿ ಸಿಕ್ಕಿದ್ದು ಒಂದು, ಸಿಸ್ಟರದ್ದೇ. ಇದರಿಂದ ಹೆಚ್ಚೇನೂ ಆಗಲಿಕ್ಕಿಲ್ಲ, ಆದರೂ ನಿಮ್ಮ ಹೇಳಿಕೆ ಮತ್ತು ಅವರದ್ದು ಸೇರಿಸಿ ಹಾಕೋಣ ಎಂದು ವಕೀಲೆ ಹೇಳಿದರು. ನನ್ನ ಹೇಳಿಕೆಗಾಗಿ ಅವರ ಗುಮಾಸ್ತ ಒಂದು ಛಾಪಾ ಕಾಗದವನ್ನು ಸಿಸ್ಟರ ಕೈಯಲ್ಲಿ ಕಳುಹಿಸಿದ್ದ. ಆಗಸ್ಟಿನ ಒಂದು ಸಂಜೆ ಅದಕ್ಕಾಗಿ ಸಿಸ್ಟರ ಮನೆಗೆ ಹೋದೆ. ಸಿಟ್‌ಔಟಿನಲ್ಲಿ ಎರಡೇ ಕುರ್ಚಿ ಇದ್ದವು, ಉಳಿದವನ್ನು ಒಂದರ ಮೇಲೊಂದು ಇಟ್ಟು ಮೂಲೆಗೆ ಸರಿಸಿದ್ದರು. ತೆರೆದ ಬಾಗಿಲಿನಿಂದ ತಮ್ಮನ ಕೋಣೆ ಕಾಣುತ್ತಿತ್ತು. ಮಂಚದ ಕಾಲುಗಳ ಕೆಳಗೆ ಈಗ ಎರಡೆರಡು ಕಲ್ಲು. ಅಷ್ಟು ಎತ್ತರದಲ್ಲಿ ಮಲಗಿ ಅವರು ಮಾಡಿನ ಹಂಚು ನೋಡುತ್ತಿದ್ದರು.

ಸಿಸ್ಟರ್ ಚಹಾ ತಂದಿಟ್ಟು ಕಾಗದ ಮುಂದೆ ಇಟ್ಟರು. ಅದರ ಜೊತೆ ಗುಮಾಸ್ತನ ಚೀಟಿ. ಕೊನೆಯಲ್ಲಿ ಸಹಿ ಹಾಕಿ ಕೊಡಿ, ಮೇಲಿನದ್ದು ನಾವು ಟೈಪ್ ಮಾಡಿಸಿಕೊಳ್ಳುತ್ತೇವೆ, ನಿಮಗೆ ಇನ್ನೊಮ್ಮೆ ಬರುವ ತೊಂದರೆ ಬೇಡ.

ಒಳ್ಳೆಯದೇ ಆಯಿತು, ಕೆಲಸ ಬೇಗ ಮುಗಿಯಿತು ಎಂದುಕೊಂಡು ನಾನು ಪೆನ್ನಿನ ಮುಚ್ಚಳ ತೆಗೆದೆ. ಇಷ್ಟೆಲ್ಲ ಆದ ಮೇಲೂ. ಪೆನ್ನಿನ ತುದಿ ಕಾಗದದ ಕೆಳಗಿನ ಮೂಲೆಗೆ ತಾಗುವಷ್ಟರಲ್ಲಿ ಸಿಸ್ಟರ್ ನನ್ನ ಮಣಿಕಟ್ಟು ಹಿಡಿದರು. ನಾಡಿ ನೋಡುವ ಹಾಗೆ, ಮೂರು ಬೆರಳಿನಲ್ಲಿ.

“ಮೊದಲು ಮಾತು ಸರ್,” ಎಂದರು. “ಸಹಿ ಮತ್ತೆ.”

ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ಎದುರಿನ ಕುರ್ಚಿಯಲ್ಲಿ ಕೂತರು. ನಾನು ಹೇಳತೊಡಗಿದೆ, ಖಾಲಿ ಹಾಳೆಯ ಮೊದಲ ದಿನದಿಂದ. ಅವರೇ ಬರೆದರು, ಪ್ರತಿ ಸಾಲನ್ನು ಗಟ್ಟಿಯಾಗಿ ಓದಿ ಹೇಳಿ, ಹೌದಾ ಎಂದು ಕೇಳಿ. ಮುಗಿದ ಮೇಲೆ ಕೆಳಗೆ ಉಳಿದ ಖಾಲಿ ಜಾಗಕ್ಕೆಲ್ಲ, ಆಸ್ಪತ್ರೆಯ ಚಾರ್ಟಿನಲ್ಲಿ ಮಾಡುವ ಹಾಗೆ, ಓರೆಯಾಗಿ ಒಂದು ಗೀಟು ಎಳೆದರು. ನನ್ನ ಹೆಸರಿಗೆ ಬೇಕಾದಷ್ಟು ಜಾಗ ಮಾತ್ರ ಬಿಟ್ಟರು. ಚಹಾ ಆರಿಹೋಗಿತ್ತು. ಆಮೇಲೆ ನನಗೆ ಪೆನ್ನು ಕೊಟ್ಟರು.